ತುಪ್ಪ ತಿನ್ನುವ ಮಣ್ಣು

ಪೈಲ್ವಾನ್ ಮಾದೇಶಪ್ಪ ಬರಿಗಾಲಲ್ಲಿ ಹಿತ್ತಿಲಿಗೆ ಹೋಗಿ ಗಾಯ ಮಾಡಿಕೊಂಡ ಸಂಗತಿ ಮಗಳು ಇಂಪನಾಳಿಗೆ ಗೊತ್ತಾದದ್ದು ಒಂಬತ್ತು ದಿನ ಕಳೆದ ಮೇಲೆ. ಅದೂ ಅವನಾಗಿ ಹೇಳಲಿಲ್ಲ. ಬೆಳಿಗ್ಗೆ ಕಾಫಿ ಕೊಡಲು ಹೋದವಳಿಗೆ ಕೋಣೆಯಲ್ಲಿ ಏನೋ ಕೊಳೆತ ವಾಸನೆ ಬಂತು. ಇಲಿ ಸತ್ತಿರಬೇಕೆಂದು ಮಂಚದ ಕೆಳಗೆ ಬಗ್ಗಿ ನೋಡಿದಳು. ತಲೆಯೆತ್ತುವಾಗ, ಅಪ್ಪ ಕಾಲುಚೀಲ ಹಾಕಿದ ಬಲಗಾಲನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದ.

"ಕಾಲುಚೀಲ ತೆಗಿ ಅಪ್ಪ."

"ಏನಿಲ್ಲ ಕಣವ್ವ. ವಸಿ ತರಚದೆ."

"ತೆಗಿ ಅಂದೆ."

ಎರಡು ಬೆರಳು ಕಪ್ಪಾಗಿದ್ದವು. ಪಾದದ ಅಂಚಿನಲ್ಲಿ ರೂಪಾಯಿಯಗಲದ ಗಾಯ ಬಾಯಿ ತೆರೆದುಕೊಂಡಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿ ಎಷ್ಟೋ ವರ್ಷವಾಗಿದ್ದರಿಂದ ಅವನಿಗೆ ನೋವು ಗೊತ್ತಾಗಿರಲಿಲ್ಲ.

"ಬೂಟು ಯಾಕೆ ಬಿಚ್ಚಿದೆ?"

ಎಪ್ಪತ್ತೆಂಟು ವರ್ಷದ ಪೈಲ್ವಾನ ಮೇಷ್ಟರ ಕೈಗೆ ಸಿಕ್ಕಿಬಿದ್ದವನ ಹಾಗೆ ಕಿಟಕಿಯ ಕಡೆ ನೋಡಿದ. "ಮಳೆ ಹುಯ್ದು ನಿಂತಿತ್ತು. ಕಲ್ಲು ತಣ್ಣಗಿತ್ತು. ಒಂದ್ಸಲ ಕಾಲಿಡನ ಅನ್ನಿಸ್ತು."

ಮೈಸೂರಿನಲ್ಲಿ ಆಗ ಗಾಯ ಅನ್ನುವುದು ಸಣ್ಣ ಮಾತಾಗಿರಲಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಆ್ಯಂಟಿಬಯೋಟಿಕ್ ಮಾತ್ರೆಗಳು ಒಂದರ ಹಿಂದೆ ಒಂದು ಕೈಕೊಟ್ಟಿದ್ದವು. ಬ್ಯಾಕ್ಟೀರಿಯಾಗಳು ಎಲ್ಲ ಮದ್ದನ್ನೂ ಅರಗಿಸಿಕೊಳ್ಳುವುದನ್ನು ಕಲಿತುಬಿಟ್ಟಿದ್ದವು. ಆಮೇಲೆ ಊರು ನಿಧಾನವಾಗಿ ತನ್ನ ಮೊನಚನ್ನೆಲ್ಲ ಕಳೆದುಕೊಂಡಿತು. ಅಡಿಗೆಮನೆಗಳಿಂದ ಈಳಿಗೆಮಣೆ ಹೋಯಿತು. ತರಕಾರಿ ಹೆಚ್ಚಿಕೊಂಡೇ ಅಂಗಡಿಗೆ ಬರತೊಡಗಿತು. ಕ್ಷೌರದವರು ಕತ್ತಿ ಬಿಟ್ಟು ಮೆಷಿನ್ನು ಹಿಡಿದರು. ಗುಲಾಬಿ ಗಿಡ ನೆಡಲು ಅನುಮತಿ ಬೇಕಾಯಿತು. ಶಾಲೆಯ ಮೈದಾನಗಳಿಗೆ ಮೆತ್ತನೆ ರಬ್ಬರು ಹಾಸಿದರು. ಮಕ್ಕಳು ಮೊಣಕಾಲಿಗೆ, ಮೊಣಕೈಗೆ ಕವಚ ಕಟ್ಟಿಕೊಂಡು ಸ್ವಲ್ಪ ಕಾಲ ಓಡಿದರು, ಆಮೇಲೆ ಓಡುವುದನ್ನೇ ಬಿಟ್ಟರು. ತೆರೆದ ಮಣ್ಣನ್ನು ಮನೆಯಲ್ಲಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಾಯಿತು.

ಇಂಪನಾಳ ತಾಯಿ ತೀರಿಕೊಂಡದ್ದು ಆ ಕಾಲದ ಮೂರನೆಯ ವರ್ಷದಲ್ಲಿ. ಹಲಸಿನಹಣ್ಣು ಬಿಡಿಸುವಾಗ ಹೆಬ್ಬೆರಳಿಗೆ ಕತ್ತಿ ತಾಗಿತ್ತು, ಅಷ್ಟೇ. ಆಗ ಇಪ್ಪತ್ತೇಳರ ಇಂಪನಾ ಜೀವರಸಾಯನ ಓದುತ್ತಿದ್ದಳು. ಈಗ ಅವಳಿಗೆ ನಲವತ್ತೆಂಟು. ನಡುವಿನ ವರ್ಷಗಳನ್ನೆಲ್ಲ ಅವಳು ಒಂದೇ ಕೆಲಸಕ್ಕೆ ಸುರಿದಿದ್ದಳು: ಗಾಯಕ್ಕೆ ಕಟ್ಟುವ ಪಟ್ಟಿಯೇ ಕೀವಿನ ಜೊತೆ ಹೋರಾಡಬೇಕು.

*

ಡಾಕ್ಟರ್ ಪೊನ್ನಪ್ಪ ಬಹಳ ಮಾತಾಡುವವರಲ್ಲ. ಕಾಲನ್ನು ನೋಡಿ, ಕೆಂಪು ಎಲ್ಲಿಯವರೆಗೆ ಏರಿದೆಯೋ ಅದರ ತುಸು ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದರು.

"ಎರಡು ಬೆರಳು ಇವತ್ತೇ ತೆಗೀಬೇಕು. ಈ ಗೆರೆ ದಾಟಿದ್ರೆ ಮೊಣಕಾಲಿಂದ ಕೆಳಗೆ ಪೂರ್ತಿ. ಹತ್ತು ದಿನ ನೋಡೋಣ, ಅದಕ್ಕಿಂತ ಜಾಸ್ತಿ ಕಾಯೋದು ಜೀವಕ್ಕೆ ಒಳ್ಳೇದಲ್ಲ."

"ನಮ್ಮ ಪಟ್ಟಿ ಹಾಕಬಹುದಾ?" ಎಂದಳು ಇಂಪನಾ.

"ನಿಮ್ಮ ಪಟ್ಟಿ ಮೂರು ದಿನ ಚೆನ್ನಾಗಿರತ್ತೆ. ನಾಲ್ಕನೇ ದಿನ?"

ನಾಲ್ಕನೇ ದಿನ ಏನಾಗುತ್ತದೆ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಪಟ್ಟಿಯ ಮೈ ರೇಷ್ಮೆಯದು. ಅವಳ ಸಹಾಯಕ ವಿಜ್ಞಾನಿ ತಸ್ಮಿಯಾ ರಾಮನಗರದವಳು, ನೂಲು ಬಿಚ್ಚುವವರ ಮನೆತನದವಳು, ವಯಸ್ಸು ಮೂವತ್ತು. ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿ ಗೋಂದು ಕಳೆದು, ಉಳಿದ ಎಳೆಯನ್ನು ಕರಗಿಸಿ, ಮಂಜುಗಟ್ಟಿಸಿ ಒಣಗಿಸಿದರೆ ಇಡ್ಲಿಯ ಹಾಗೆ ರಂಧ್ರವಿರುವ ಬಿಳಿ ಹಾಳೆ ಸಿಗುತ್ತಿತ್ತು. ಮೈಯ ಮಾಂಸ ಅದನ್ನು ಪರಕೀಯವೆಂದು ದೂಡುತ್ತಿರಲಿಲ್ಲ. ಅದರೊಳಗೇ ಹಬ್ಬಿಕೊಂಡು ಬೆಳೆಯುತ್ತಿತ್ತು. ಅಲ್ಲಿಗೆ ಅರ್ಧ ಗೆದ್ದಂತೆ. ಆದರೆ ಆ ರಂಧ್ರಗಳಲ್ಲಿ ತುಂಬಿದ ಮದ್ದು ಮಾತ್ರ ಸೋಲುತ್ತಿತ್ತು. ಸಿಗಡಿ ಚಿಪ್ಪಿನ ಸಾರ ತುಂಬಿದರು, ಜೇನು ತುಂಬಿದರು, ಅರಿಸಿನ, ಬೇವು, ತುಳಸಿಯ ಎಣ್ಣೆ ಎಲ್ಲ ಆಯಿತು. ಮೂರು ದಿನ ಕೀವು ಹಿಂದೆ ಸರಿಯುತ್ತಿತ್ತು, ನಾಲ್ಕನೇ ದಿನ ಎರಡರಷ್ಟಾಗಿ ಬರುತ್ತಿತ್ತು.

"ನಾವು ಹಾಕೋದು ಸತ್ತ ಮದ್ದು ಮೇಡಂ," ಎಂದು ತಸ್ಮಿಯಾ ಒಮ್ಮೆ ಹೇಳಿದ್ದಳು. "ಅವು ಬದುಕಿರೋ ಪ್ರಾಣಿ. ದಿನಾ ಹೊಸದು ಕಲೀತವೆ. ನಮ್ಮದು ಕಲಿಯಲ್ಲ."

*

ಎರಡು ಬೆರಳು ಕಳೆದುಕೊಂಡ ಮಾದೇಶಪ್ಪ ಆಸ್ಪತ್ರೆಯ ಕೋಣೆಯಲ್ಲಿ ಗೋಡೆಗೊರಗಿ ಕುಳಿತು ಹಳೆಯದನ್ನು ಮಾತಾಡುತ್ತಿದ್ದ. ಕಾಲಿನ ವಿಷಯ ಬಿಟ್ಟು ಬೇರೆ ಏನಾದರೂ ಅವನಿಗೆ ಆಗುತ್ತಿತ್ತು.

ಇಟ್ಟಿಗೆಗೂಡು ಬಡಾವಣೆಯ ಗರಡಿ ಮುಚ್ಚುವವರೆಗೂ ಅವನು ಅಲ್ಲಿ ಕುಸ್ತಿ ಕಲಿಸುವ ಉಸ್ತಾದ. ಇಂಪನಾ ಚಿಕ್ಕವಳಿದ್ದಾಗ ಬೆಳಿಗ್ಗೆ ಐದಕ್ಕೆ ಅವನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕುಳಿತು ಹೋಗುತ್ತಿದ್ದಳು. ತಗ್ಗು ಬಾಗಿಲು, ಒಳಗೆ ಹೋಗಬೇಕಾದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸಬೇಕು. ಒಳಗೆ ಹನುಮಂತನ ಪಟ, ಮೂಲೆಯಲ್ಲಿ ಗದೆಗಳು, ನಡುವೆ ಮಟ್ಟಿ. ಮಟ್ಟಿಯೆಂದರೆ ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣ. ಮುಂಜಾನೆಯ ಮಬ್ಬು ಬೆಳಕಿನಲ್ಲಿ ಅದು ಕುಂಕುಮದ ಹಾಗೆ ಕಾಣುತ್ತಿತ್ತು. ಹುಡುಗರು ಸೊಂಟ ಬಗ್ಗಿಸಿ ಗುದ್ದಲಿಯಿಂದ ಅದನ್ನು ತಿರುವಿ ಹಾಕುವಾಗ ಒಂದು ವಾಸನೆ ಏಳುತ್ತಿತ್ತು. ಮೊದಲ ಮಳೆ, ಅರಿಸಿನ, ಹುಳಿ ಮಜ್ಜಿಗೆ, ಬೆವರು, ಎಲ್ಲ ಕಲೆತ ವಾಸನೆ. ಹೊಸ್ತಿಲ ಹೊರಗೆ ಕುಳಿತ ಹುಡುಗಿ ಅದನ್ನು ಎಳೆದೆಳೆದು ಕುಡಿಯುತ್ತಿದ್ದಳು. ಒಳಗೆ ಬರಲು ಅವಳಿಗೆ ಅಪ್ಪಣೆಯಿರಲಿಲ್ಲ. ಹೆಣ್ಣುಮಕ್ಕಳು ಮಟ್ಟಿ ತುಳಿಯಬಾರದು. ಮನೆಗೆ ಬಂದ ಮೇಲೆ ಅಪ್ಪನ ಬೆನ್ನಿಗೆ ಅಂಟಿದ ಮಣ್ಣನ್ನು ಅವ್ವ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಬಚ್ಚಲ ನೀರು ಕೆಂಪಾಗಿ ಹರಿಯುವುದನ್ನು ನೋಡುವುದೇ ಅವಳ ಪಾಲಿನ ಗರಡಿ.

"ದಿನಾ ತರಚೋದು," ಎಂದ ಮಾದೇಶಪ್ಪ. "ಮೊಣಕೈ, ಭುಜ, ಕಿವಿ. ನನ್ನ ಕೈಕೆಳಗೆ ನೂರಾರು ಹುಡುಗ್ರು ಆಡವ್ರೆ. ಒಬ್ಬಂಗೂ ಕೀವಾಗಿದ್ದು ನಾ ಕಾಣೆ. ಅದೇ ಮಟ್ಟೀನ ವಸಿ ತಗೊಂಡು ಒರಸ್ಕೊಂಡು ಎದ್ದೋಯ್ತಿದ್ರು."

"ಅಪ್ಪ, ಮಣ್ಣಲ್ಲಿ ಧನುರ್ವಾಯು ಇರತ್ತೆ."

"ಅವತ್ತೂ ಅಂಗೇ ಅಂದೆ."

ಅವಳು ತಲೆಯೆತ್ತಿದಳು. ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಇಪ್ಪತ್ತೊಂದು ವರ್ಷ ಅವನು ಆಡದಿದ್ದ ಮಾತು ಅದು.

"ನಿಮ್ಮವ್ವಂಗೆ ಬೆರಳು ಊದ್ಕೊಂಡಾಗ ಮಟ್ಟಿ ಹಚ್ತೀನಿ ಅಂದೆ. ನೀನು ಬಾಗಿಲಿಗೆ ಅಡ್ಡ ನಿಂತ್ಕೊಂಡೆ. ಓದ್ದೋಳು ಹೇಳ್ತಾಳೆ ಅಂತ ನಾನೂ ಸುಮ್ಕಾದೆ. ಅದಕ್ಕೇ ಆಮೇಲೆ ನಿಂಗೆ ಹೇಳ್ಲಿಲ್ಲ."

"ಏನು ಹೇಳ್ಲಿಲ್ಲ?"

"ಮಟ್ಟಿ ಐತೆ."

ಗರಡಿ ಮುಚ್ಚಿಸಿದ ದಿನ ಮಣ್ಣನ್ನೆಲ್ಲ ಲಾರಿಗೆ ತುಂಬಿ ಸುಡಲು ಒಯ್ದಿದ್ದರು. ಲಾರಿ ಬರುವುದಕ್ಕೆ ಮೊದಲೇ ಮಾದೇಶಪ್ಪ ಒಂದು ಉಪ್ಪಿನಕಾಯಿ ಭರಣಿಯ ತುಂಬ ಮಣ್ಣು ತುಂಬಿಕೊಂಡು ಬಂದಿದ್ದ. ಅದು ಅವನ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ಪಂಚೆಗಳ ಹಿಂದೆ ಇತ್ತು. ಪ್ರತಿ ಶನಿವಾರ ಊಟವಾದ ಮೇಲೆ ಅವನು ಒಂದು ಲೋಟ ಮಜ್ಜಿಗೆ ಕೇಳಿ ತನ್ನ ಕೋಣೆಗೆ ತೆಗೆದುಕೊಂಡು ಹೋಗುತ್ತಿದ್ದ. ಕುಡಿಯಲಿಕ್ಕೆ ಅಂದುಕೊಂಡು ಅವಳು ಇಂಗು ಕರಿಬೇವಿನ ಒಗ್ಗರಣೆ ಕೂಡ ಹಾಕಿ ಕೊಟ್ಟಿದ್ದಳು.

"ಒಗ್ಗರಣೆ ಸೋಸಿ ಮಟ್ಟಿಗೆ ಹಾಕ್ತಿದ್ದೆ," ಎಂದ ಮಾದೇಶಪ್ಪ.

ಅವಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿ ಎದ್ದು ನಿಂತಳು. ಬಾಗಿಲ ಬಳಿ ಹೋದವಳನ್ನು ಅವನು ಕರೆದ.

"ಕೈಗವಸು ಹಾಕ್ಕೊಂಡು ಮುಟ್ಟಬೇಡ ಕಣವ್ವ."

"ಹೆಣ್ಮಕ್ಕಳು ಮುಟ್ಟಲೇಬಾರ್ದು ಅಂತಿದ್ದೆ."

"ಅಂತಿದ್ದೆ. ತೆಪ್ಪು ನಂದು. ನೀ ಮುಟ್ಟು."

ಮನೆಗೆ ಹೋಗಿ ಭರಣಿಯ ಬಟ್ಟೆ ಬಿಚ್ಚಿದಾಗ ಆ ವಾಸನೆ ಎದ್ದು ಬಂದು ಅವಳ ಮುಖಕ್ಕೆ ತಾಗಿತು. ಬಚ್ಚಲು, ತೆಂಗಿನ ನಾರು, ಅವ್ವನ ಬಳೆಯ ಸದ್ದು. ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಬಲಗೈಯ ಗವಸು ತೆಗೆದು ಬೆರಳುಗಳನ್ನು ಮಣ್ಣಿನೊಳಗೆ ಇಳಿಸಿದಳು. ಮೆತ್ತಗಿತ್ತು, ಬೆಚ್ಚಗೂ ಇದ್ದಂತಿತ್ತು.

*

ಇಂಪನಾಳ ಲ್ಯಾಬಿನಲ್ಲಿ ಮಟ್ಟಿಯ ಒಂದು ಚಿಟಿಕೆಯನ್ನು ನೀರಿನಲ್ಲಿ ಕದಡಿ, ಕೀವಿನ ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಗಳಿಗೆ ಚಿಮುಕಿಸಿದರು. ಎರಡು ದಿನ ಏನೂ ಇಲ್ಲ. ಮೂರನೆಯ ಬೆಳಿಗ್ಗೆ ತಸ್ಮಿಯಾ ತಟ್ಟೆಯೊಂದನ್ನು ಬೆಳಕಿಗೆ ಹಿಡಿದಳು. ರಂಗೋಲಿ ಪುಡಿಯಂಥ ಬಿಳಿ ಚುಕ್ಕೆಯೊಂದು ಹುಟ್ಟಿತ್ತು. ಅದರ ಸುತ್ತ ಎಂಟಾಣೆಯಗಲ ಜಾಗದಲ್ಲಿ ಒಂದು ಬ್ಯಾಕ್ಟೀರಿಯಾವೂ ಉಳಿದಿರಲಿಲ್ಲ.

"ಮುಚ್ಚಳ ತೆಗೆದು ಮೂಸಿ ನೋಡಿ ಮೇಡಂ. ಏನಿದು ವಾಸನೆ?"

ಕಲ್ಲು, ರಬ್ಬರು, ಡಾಂಬರಿನ ಊರಿನಲ್ಲಿ ಬೆಳೆದ ಹುಡುಗಿಗೆ ಅದು ಗೊತ್ತಿರಲಿಲ್ಲ. "ಮಳೆ ಬಿದ್ದ ಮಣ್ಣು," ಎಂದಳು ಇಂಪನಾ.

ಮಣ್ಣಿಗೆ ಆ ವಾಸನೆ ಕೊಡುವುದೇ ಇಂಥ ಎಳೆಎಳೆಯಾಗಿ ಹಬ್ಬುವ ಜೀವಿಗಳು ಎಂಬುದು ಅವಳಿಗೆ ಪುಸ್ತಕದಿಂದ ಗೊತ್ತಿತ್ತು. ಆದರೆ ಈ ಬಗೆ ಯಾವ ಪುಸ್ತಕದಲ್ಲೂ ಇರಲಿಲ್ಲ. ನೂರು ವರ್ಷ ಅರಿಸಿನ, ಬೇವು, ಕರ್ಪೂರ ಬಿದ್ದ ಮಟ್ಟಿಯಲ್ಲಿ ಉಳಿದ ಜೀವಗಳು ಉಳಿದವು, ಅಳಿದವು ಅಳಿದವು. ಸಾವಿರಾರು ಮೈಗಳ ಬೆವರು, ರಕ್ತ, ಕೀವುಗಳ ಜೊತೆ ದಿನಾ ಸೆಣಸಿ ಗಟ್ಟಿಯಾದದ್ದು ಇದು. ಎದುರಿಗಿರುವ ಬ್ಯಾಕ್ಟೀರಿಯಾ ಮೈ ಬದಲಿಸಿದರೆ ತನ್ನ ಮದ್ದನ್ನೂ ಬದಲಿಸುತ್ತಿತ್ತು. ತಸ್ಮಿಯಾ ಬಯಸಿದ್ದ ಕಲಿಯುವ ಮದ್ದು.

ಆದರೆ ಅದೇ ಮಣ್ಣಿನ ಇನ್ನೊಂದು ತಟ್ಟೆಯಲ್ಲಿ ಧನುರ್ವಾಯುವಿನ ಬೀಜವೂ ಸಿಕ್ಕಿತು. ಮಾಂಸ ಕೊಳೆಸುವ ಇನ್ನೊಂದು ಜೀವಿಯೂ ಸಿಕ್ಕಿತು. ಇಂಪನಾ ಆ ಸಂಜೆ ಅಪ್ಪನಿಗೆ ಎರಡನ್ನೂ ಹೇಳಿದಳು.

"ಅವತ್ತು ಹಚ್ಚಿದ್ರೆ ಅವ್ವ ಉಳೀತಿದ್ಲೋ, ಇನ್ನೂ ಬೇಗ ಹೋಗ್ತಿದ್ಲೋ, ನಂಗೆ ಗೊತ್ತಿಲ್ಲ ಅಪ್ಪ. ನಿಜವಾಗ್ಲೂ ಗೊತ್ತಿಲ್ಲ."

"ಬುಡು," ಎಂದ ಮಾದೇಶಪ್ಪ. "ಗೊತ್ತಿಲ್ಲ ಅಂದ್ಯಲ್ಲ, ಅಷ್ಟು ಸಾಕು."

ಐದನೆಯ ದಿನಕ್ಕೆ ಪಟ್ಟಿ ಸಿದ್ಧವಾಯಿತು. ರೇಷ್ಮೆಯ ಎರಡು ಹಾಳೆಗಳ ನಡುವೆ ಆ ಜೀವಿಯೊಂದನ್ನೇ ಬಿತ್ತಿದ್ದರು. ಗಾಯಕ್ಕೆ ತಾಗುವ ಹಾಳೆಯ ರಂಧ್ರಗಳು ಎಷ್ಟು ಸಣ್ಣವೆಂದರೆ ಜೀವಿ ಹೊರಗೆ ಬರಲಾರದು, ಅದು ಬೆವರಿದ ಮದ್ದು ಮಾತ್ರ ಬರುತ್ತದೆ. ವಾಸನೆ ಇರುವವರೆಗೆ ಪಟ್ಟಿ ಬದುಕಿದೆ. ವಾಸನೆ ಹೋದರೆ ಬದಲಿಸಬೇಕು. ಇದುವರೆಗೆ ಮನುಷ್ಯರ ಮೇಲೆ ಹಾಕದ ಪಟ್ಟಿ. ಪೊನ್ನಪ್ಪ ಕಾಗದ ತಂದು ಅಪಾಯಗಳನ್ನೆಲ್ಲ ಓದಿ ಹೇಳಿದರು. ಮಾದೇಶಪ್ಪ ಪೂರ್ತಿ ಕೇಳಿಸಿಕೊಂಡು, ದಪ್ಪ ಅಕ್ಷರದಲ್ಲಿ ರುಜು ಹಾಕಿದ.

*

ಎರಡು ದಿನ ಕಾಲಿನ ಕೆಂಪು ಪೆನ್ನಿನ ಗೆರೆಯ ಕೆಳಗೇ ನಿಂತಿತು. ಮೂರನೆಯ ದಿನ ವಾಸನೆ ಕ್ಷೀಣಿಸಿತು. ಪಟ್ಟಿ ಬಿಚ್ಚಿ ನೋಡಿದರೆ ಜೀವಿ ಸತ್ತಿರಲಿಲ್ಲ, ಹುಲುಸಾಗಿ ಬೆಳೆದಿತ್ತು. ಮದ್ದು ಮಾತ್ರ ಬೆವರಿರಲಿಲ್ಲ. ಕೆಂಪು ಆ ಗೆರೆಯನ್ನು ಮುಟ್ಟಿತ್ತು.

ಪೊನ್ನಪ್ಪ ಕಾಲನ್ನು ಮತ್ತೆ ಮುಚ್ಚುತ್ತ, "ನಾಡಿದ್ದು ಬೆಳಿಗ್ಗೆ ಆಪರೇಷನ್ ಥಿಯೇಟರ್ ಹೇಳಿಡ್ತೀನಿ," ಎಂದರು.

ಅವರು ಹೋದ ಮೇಲೆ ಇಂಪನಾ ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಮಾದೇಶಪ್ಪ ಅವಳ ಮುಖ ನೋಡಿ ಕೇಳಿದ, "ಅದಕ್ಕೆ ಊಟಕ್ಕೇನು ಹಾಕಿದ್ದೆ?"

"ಯಾವುದಕ್ಕೆ?"

"ಮಟ್ಟಿಗೆ. ಅದಕ್ಕೂ ಹೊಟ್ಟೆ ಇಲ್ವಾ?"

"ಸಕ್ಕರೆ ನೀರು. ಲ್ಯಾಬಲ್ಲಿ ಎಲ್ಲ ಜೀವಿಗೂ ಅದೇ."

ಮಾದೇಶಪ್ಪ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಮಟ್ಟಿಗೆ ಯಾರಾದ್ರೂ ಸಿಹಿ ಹಾಕ್ತಾರೇನವ್ವ. ಒಂದ್ಸಲ ನಮ್ಮ ನಂಜುಂಡ ಗೆದ್ದ ಖುಷೀಲಿ ಒಂದು ಕೊಳದಪ್ಪಲೆ ಪಾನಕ ಮಟ್ಟಿಗೆ ಹುಯ್ದುಬುಟ್ಟ. ಒಂದು ತಿಂಗ್ಳು ಮಟ್ಟಿ ವಾಸ್ನೆ ಕೆಟ್ಟೋಯ್ತು. ಆ ತಿಂಗ್ಳು ತರಚಿದ್ದೆಲ್ಲ ಕೀವು. ನನಗಿಂತ ಮುಂಚೆ ಇದ್ದ ಉಸ್ತಾದ್ರು ಅವನ್ನ ಮೂರು ತಿಂಗ್ಳು ಒಳಗೇ ಬಿಟ್ಕೊಳ್ಳಿಲ್ಲ. ಸಿಹಿ ತಿಂದ್ರೆ ಮಟ್ಟಿ ಕೊಬ್ಬಿ ಮಲಿಕ್ಕತದೆ. ತುಪ್ಪ ಹಾಕು. ತುಪ್ಪ ತಿಂದ್ರೆ ಕೆಲ್ಸ ಮಾಡ್ತದೆ."

ಇಂಪನಾ ಎದ್ದು ನಿಂತಳು. ಸುಲಭವಾಗಿ ಕರಗುವ ಸಕ್ಕರೆ ಸಿಕ್ಕರೆ ಇಂಥ ಜೀವಿಗಳು ಮದ್ದು ಮಾಡುವುದನ್ನು ನಿಲ್ಲಿಸುತ್ತವೆ, ಎಣ್ಣೆ-ಕೊಬ್ಬನ್ನು ಕಷ್ಟಪಟ್ಟು ಅರಗಿಸುವಾಗ ಮಾತ್ರ ಮಾಡುತ್ತವೆ. ಇದೂ ಅವಳು ಎಂದೋ ಓದಿದ್ದ ಪಾಠವೇ. ಮೇಲಾಗಿ ಅಪ್ಪನ ರಕ್ತದಲ್ಲೇ ಸಕ್ಕರೆ. ಗಾಯದಿಂದ ಒಸರುವ ನೀರೇ ಪಾನಕ. ಅವಳು ಅಲ್ಲಿಂದಲೇ ತಸ್ಮಿಯಾಳಿಗೆ ಫೋನು ಮಾಡಿದಳು. ದಾದಿಯರಿಗೆ ಹೇಳಿ ಗಂಟೆಗೊಮ್ಮೆ ಸಕ್ಕರೆ ನೋಡಿ ಇನ್ಸುಲಿನ್ ಸರಿಮಾಡಿಸಿದಳು.

ತಸ್ಮಿಯಾ ಆ ರಾತ್ರಿಯೇ ತುಪ್ಪವನ್ನು ಕಣ್ಣಿಗೆ ಕಾಣದ ಹನಿಗಳಾಗಿ ಒಡೆದು ರೇಷ್ಮೆಯ ಒಳಹಾಳೆಗೆ ತುಂಬಿದಳು. ಹೊಸ ಪಟ್ಟಿ ಹಾಕಿದ ಮಾರನೆಯ ಮಧ್ಯಾಹ್ನ ಪೊನ್ನಪ್ಪ ಕೋಣೆಗೆ ಬಂದವರು ಬಾಗಿಲಲ್ಲೇ ನಿಂತರು. ಮೂಗರಳಿಸಿದರು. ಕೊಡಗಿನಲ್ಲಿ ಹುಟ್ಟಿ ಬೆಳೆದವರು ಅವರು. ಹೊರಗೆ ಬಿಸಿಲು ಸುಡುತ್ತಿತ್ತು. "ಮಳೆ ಬರ್ತಿದ್ಯಾ?" ಎಂದು ಕೇಳಿದರು.

ಕಾಲಿನ ಕೆಂಪು ಆ ಗೆರೆಯಿಂದ ಎರಡು ಬೆರಳಿನಷ್ಟು ಕೆಳಗಿಳಿದಿತ್ತು.

ಹೊಸ ಪಟ್ಟಿಯ ನಾಲ್ಕನೆಯ ದಿನ ಬಂತು, ಹೋಯಿತು. ಹತ್ತನೆಯ ದಿನ ಗಾಯದ ತಳದಲ್ಲಿ ದಾಳಿಂಬೆ ಬಣ್ಣದ ಹೊಸ ಮಾಂಸ ಕಾಣಿಸಿತು. ಒಂದೂವರೆ ತಿಂಗಳಿಗೆ ಮಾದೇಶಪ್ಪ ಎಂಟು ಬೆರಳು, ಎರಡು ಕಾಲು, ಒಂದು ಕೋಲಿನ ಜೊತೆ ಮನೆಗೆ ಬಂದ.

*

ಆಮೇಲಿನ ಎರಡು ವರ್ಷಗಳಲ್ಲಿ ಪಟ್ಟಿ ಊರೂರಿಗೆ ಹೋಯಿತು. ಆಸ್ಪತ್ರೆಗಳ ಉದ್ದ ಪಡಸಾಲೆಗಳಲ್ಲಿ ಬೇಸಿಗೆಯಲ್ಲೂ ಮಳೆಯ ವಾಸನೆ. ವಯಸ್ಸಾದವರು ಅಲ್ಲಿ ಸುಮ್ಮನೆ ನಿಂತು ಹಿಂದಿನದೇನನ್ನೋ ನೆನೆಸಿಕೊಳ್ಳುತ್ತಿದ್ದರು; ನೋಡಬೇಕಾದ ರೋಗಿ ಯಾರೂ ಇಲ್ಲದವರೂ ಬಂದು ಬೆಂಚಿನ ಮೇಲೆ ಕುಳಿತು ಹೋಗುತ್ತಿದ್ದರೆಂದು ದಾದಿಯರು ಹೇಳುತ್ತಿದ್ದರು.

ಮೂರನೆಯ ವರ್ಷ ತೊಂದರೆ ಶುರುವಾಯಿತು. ಉಕ್ಕಿನ ಪಾತ್ರೆಗಳಲ್ಲಿ ತಲೆಮಾರುಗಟ್ಟಲೆ ಬೆಳೆದ ಜೀವಿ ಮೆತ್ತಗಾಗತೊಡಗಿತು. ಸೆಣಸಲು ಯಾರೂ ಇಲ್ಲದ ಕಡೆ ಅದು ಪಟ್ಟುಗಳನ್ನು ಮರೆಯುತ್ತಿತ್ತು. ಭರಣಿಯಲ್ಲಿ ಉಳಿದದ್ದು ಮೂರು ಹಿಡಿ ಮಣ್ಣು.

"ಅದಕ್ಕೆ ಗರಡಿ ಬೇಕು," ಎಂದ ಮಾದೇಶಪ್ಪ.

ಇಂಪನಾ ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರದ ನಿರ್ದೇಶಕಿ ಆರು ತಿಂಗಳು ಕಾಗದ ಓಡಾಡಿಸಿ ಅನುಮತಿ ತಂದರು. ಕಟ್ಟಡದ ಹಿಂದೆ, ಗಾಜಿನ ಮಾಡಿನ ಕೆಳಗೆ, ಹದಿನಾಲ್ಕಡಿ ಚೌಕದ ಮಟ್ಟಿ ತಯಾರಾಯಿತು. ಜರಡಿಯಾಡಿದ ಕೆಮ್ಮಣ್ಣು, ಅರಿಸಿನ, ಬೇವಿನಪುಡಿ, ಮಜ್ಜಿಗೆ, ತುಪ್ಪ. ಅದರಲ್ಲಿ ಹಳೆಯ ಮಣ್ಣಿನ ಎರಡು ಹಿಡಿಯನ್ನು ಹೆಪ್ಪಿನ ಹಾಗೆ ಕಲೆಸಿದರು. ಊರಿನ ಮೂಲೆಮೂಲೆಯಿಂದ ಐದು ಮಂದಿ ಹಳೆಯ ಪೈಲ್ವಾನರು ಬಂದರು. ಪಾನಕದ ನಂಜುಂಡನೂ ಬಂದ, ಅವನಿಗೀಗ ಎಪ್ಪತ್ತೆರಡು.

ನಿರ್ದೇಶಕಿ ಅಳತೆ ಬರೆದುಕೊಳ್ಳಲು ನಿಂತಿದ್ದರು. "ಎಷ್ಟು ತೇವ ಇರಬೇಕು ಪೈಲ್ವಾನ್ರೇ? ಶೇಕಡಾ ಎಷ್ಟು?"

ಮಾದೇಶಪ್ಪ ಒಂದು ಹಿಡಿ ಮಣ್ಣು ಒತ್ತಿ ಅವರ ಅಂಗೈಗೆ ಹಾಕಿದ. "ಮುಷ್ಟಿ ಹಿಡಿದ್ರೆ ಉಂಡೆ ಆಗ್ಬೇಕು. ಕೆಳಗೆ ಬಿದ್ರೆ ಒಡೀಬೇಕು. ಅಷ್ಟು."

"ಹದ ಬರೋಕೆ ಎಷ್ಟು ದಿನ ಅಪ್ಪ?" ಎಂದು ಇಂಪನಾ ಕೇಳಿದಳು.

"ಮೂರು ವರ್ಷ. ದಿನಾ ತಿರುವಬೇಕು, ದಿನಾ ಯಾರಾದ್ರೂ ಆಡಬೇಕು. ಆಡದೆ ಇದ್ರೆ ಅದು ಬರೀ ಮಣ್ಣು."

ಅವನಿಗಾಗ ಎಂಬತ್ತೊಂದು. ಮಗಳು ಮನಸ್ಸಿನಲ್ಲೇ ಕೂಡಿಕೊಂಡದ್ದು ಅವನಿಗೆ ತಿಳಿಯಿತು. "ಏನು ಲೆಕ್ಕ ಹಾಕ್ತಿದ್ದೀಯ? ನಾನಿದ್ರೆ ನಾನು ನೋಡ್ತೀನಿ, ಇಲ್ದಿದ್ರೆ ನೀ ನೋಡು," ಎಂದು ಅಂಚಿನಲ್ಲಿ ಬೂಟು ಬಿಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಕೋಲೂರಿ ಒಳಗಿಳಿದ.

ಆಡುವವರು ಯಾರು ಎಂಬುದೇ ಪ್ರಶ್ನೆಯಾಯಿತು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ತಸ್ಮಿಯಾ ಬೂಟು ಬಿಚ್ಚಿದಳು, ಕಾಲುಚೀಲ ಬಿಚ್ಚಿದಳು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು. ಮೊದಲ ಹೆಜ್ಜೆ ಇಟ್ಟಾಗ ಮಣ್ಣು ಬೆರಳ ಸಂದಿಯಿಂದ ಮೇಲೆ ಬಂದದ್ದನ್ನು ಕಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಳು.

"ಏನು ಮಾಡ್ಬೇಕು ತಾತ?"

"ನನ್ನ ಮಣಿಕಟ್ಟು ಹಿಡ್ಕೊ. ಗಟ್ಟಿಯಾಗಿ. ಬಿಡಬ್ಯಾಡ."

ಅವಳು ಹಿಡಿದಳು. ಮಾದೇಶಪ್ಪ ನಿಂತಲ್ಲಿಯೇ ಕೈಯನ್ನು ಒಳಕ್ಕೆ ಒಂದು ಸುತ್ತು ತಿರುಗಿಸಿದ, ಅಷ್ಟೇ. ತಸ್ಮಿಯಾ ಮಗ್ಗುಲಾಗಿ ಬಿದ್ದಳು. ಅಂಚಿನ ಕಲ್ಲಿಗೆ ಮೊಣಕೈ ಉಜ್ಜಿತು.

ನಿರ್ದೇಶಕಿಯ ಕೈಯಿಂದ ಹಲಗೆ ಜಾರಿತು. ಇಂಪನಾ ಪಟ್ಟಿಯ ಡಬ್ಬಿ ಹಿಡಿದು ಓಡಿ ಬಂದಳು.

ತಸ್ಮಿಯಾ ಕುಳಿತು ತೋಳನ್ನು ತಿರುಗಿಸಿ ನೋಡಿಕೊಂಡಳು. ತರಚಿದ ಚರ್ಮದ ಮೇಲೆ ಸಾಸಿವೆಯಷ್ಟು ಸಣ್ಣ ಸಣ್ಣ ಕೆಂಪು ಹನಿಗಳು ಸಾಲಾಗಿ ಏಳುತ್ತಿದ್ದವು. ಬಿದ್ದು ಮಾಡಿಕೊಂಡ ಗಾಯವನ್ನು ಬುದ್ಧಿ ಬಂದ ಮೇಲೆ ಅವಳು ನೋಡುತ್ತಿದ್ದದ್ದು ಇದೇ ಮೊದಲು. ಮುಟ್ಟಿ ನೋಡಿದಳು. ಉರಿಗೆ ಹಲ್ಲು ಕಚ್ಚಿದಳು. ಆಮೇಲೆ ತಲೆಯೆತ್ತಿ ಮಾದೇಶಪ್ಪನನ್ನು ಕೇಳಿದಳು:

"ಇಷ್ಟೇನಾ?"

"ಇಷ್ಟೇ ಕಣವ್ವ," ಎಂದ ಮಾದೇಶಪ್ಪ. "ತೊಳ್ಕೊಂಡು ಪಟ್ಟಿ ಹಾಕಿಸ್ಕೊಂಡು ಬಾ. ಇನ್ನೊಂದು ಪಟ್ಟು ತೋರಿಸ್ತೀನಿ."